ನೆರಳಪ್ಪನ ಭಾನುವಾರ

ಹೋದ ಭಾನುವಾರ ಮಣಿಕೊಂಡದ ನರಹರಿಯ ಮನೆಯಲ್ಲಿ ಪ್ರಾಣೇಶ ಒಂದು ವಾದ ಗೆದ್ದ. ಮೂವತ್ತೆಂಟು ವರ್ಷದ ಬಾಳಿನಲ್ಲಿ ಅವನು ಗೆದ್ದ ಮೊದಲ ವಾದ ಅದು. ಮುಂದೆ ಆದ ತೊಂದರೆಗೆಲ್ಲ ಮೂಲವೂ ಅದೇ.

ವಾದ ಎದ್ದದ್ದು ಆಟದಲ್ಲಿ. ನರಹರಿ, ಪ್ರಾಣೇಶ, ರಾಮದಾಸ ಮೂವರೂ ಒಂದೇ ಸರ್ಕಾರಿ ಕಾರ್ಖಾನೆಯ ಸ್ಟೋರ್ಸ್ ವಿಭಾಗದವರು. ವಾರವಿಡೀ ನಟ್ಟು ಬೋಲ್ಟುಗಳ ನಡುವೆ ಬದುಕುವ ಇವರು ಎರಡು ವರ್ಷದಿಂದ ಪ್ರತಿ ಭಾನುವಾರ ಹನ್ನೊಂದಕ್ಕೆ ಸೇರಿ, ಇಪ್ಪತ್ತು ಮುಖದ ದಾಳ ಉರುಳಿಸುತ್ತ, ಕೋಟೆಗಳೂ ಗುಹೆಗಳೂ ರಾಕ್ಷಸರೂ ಇರುವ ಒಂದು ಕಲ್ಪನೆಯ ರಾಜ್ಯದಲ್ಲಿ ಅಲೆಯುತ್ತಿದ್ದರು. ಕತೆ ನಡೆಸುವವನು ನರಹರಿ, ಮಾಡಿದ ಕೆಲಸ ಫಲಿಸಿತೋ ಇಲ್ಲವೋ ಹೇಳುವುದು ದಾಳ; ಅಂಕೆ ಹೆಚ್ಚಾದಷ್ಟೂ ಒಳ್ಳೆಯದು. ಉಳಿದವರಿಗೆ ಒಂದೊಂದು ಪಾತ್ರ. ಪ್ರಾಣೇಶನ ಪಾತ್ರ ನೆರಳಪ್ಪ ಎಂಬ ಕಳ್ಳ, ಅಡಗುವುದರಲ್ಲಿ ನಿಸ್ಸೀಮ.

ಆ ದಿನ ನೆರಳಪ್ಪ ಕೋಟೆಯ ಬಾಗಿಲಲ್ಲಿ ಒಂದು ಪೀಪಾಯಿಯ ಹಿಂದೆ ಕೂತಿದ್ದ. ನರಹರಿ ದಾಳ ಎತ್ತಿಕೊಂಡು, "ಕಾವಲುಗಾರಗ ಕಾಣಸ್ತೀಯೋ ಇಲ್ಲೋ ನೋಡೂಣು," ಎಂದ.

"ಅದ್ಹೆಂಗ?" ಪ್ರಾಣೇಶ ಕೂತಲ್ಲಿಂದ ಎದ್ದೇಬಿಟ್ಟ. "ಅಂವ ಹುಡುಕಾಕತ್ತಿಲ್ಲ, ಬೀಡಿ ಸೇದಾಕತ್ತಾನ. ಹುಡುಕದವಗ ದಾಳ ಯಾಕ? ಅಡಗಾಕ ಮರೆ ಇರಬೇಕು, ಸಪ್ಪಳ ಆಗಬಾರದು, ನೋಡಾಂವನ ಚಿತ್ತ ಬ್ಯಾರೆ ಕಡೆ ಇರಬೇಕು. ಈ ಮೂರೂ ಇದ್ದರ ಮನಿಷಾ ಅಲ್ಲಿ ಇಲ್ಲs ಇಲ್ಲ."

ಒಂದು ತಾಸು ಜಗಳವಾಯಿತು. ಕೊನೆಗೆ ಹಸಿವು ತಾಳದೆ ನರಹರಿ ಒಪ್ಪಿ, ನೋಟ್‌ಬುಕ್ಕಿನಲ್ಲಿ ಆ ನಿಯಮ ಬರೆದುಕೊಂಡ. ಬರೆಯುತ್ತ, "ಆದರ ಒಂದು ಮಾತು ನೆನಪಿಡು. ಯಾರರೆ ನಿನ್ನ ನೋಡಿದರಂದ್ರ, ಅದನ್ನ ಹೇಳೂದು ಬಿಡೂದು ಅವರ ಮರ್ಜಿ," ಎಂದ. ಗೆದ್ದ ಖುಷಿಯಲ್ಲಿದ್ದ ಪ್ರಾಣೇಶ ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಭಾನುವಾರ ನೆರಳಪ್ಪ ಘಟಸರ್ಪದ ಗುಹೆಗೆ ಹೋಗಬೇಕಿತ್ತು. ಪ್ರಾಣೇಶ ಆಟಕ್ಕೆ ಬಾರದಿದ್ದರೆ ಅವನ ಪಾತ್ರವನ್ನು ರಾಮದಾಸನೇ ಆಡಬೇಕು. ರಾಮದಾಸನ ಕೈಗೆ ಸಿಕ್ಕ ಪಾತ್ರ ನೆಟ್ಟಗೆ ಶತ್ರುವಿನ ಕತ್ತಿಗೇ ಹೋಗಿ ಬೀಳುತ್ತಿತ್ತು. ಅಂಥವನಿಗೆ ಎರಡು ವರ್ಷ ಸಾಕಿದ ನೆರಳಪ್ಪನನ್ನು ಒಪ್ಪಿಸಲು ಪ್ರಾಣೇಶ ಸುತರಾಂ ತಯಾರಿರಲಿಲ್ಲ.

ಆದರೆ ಅದೇ ದಿನ ಹತ್ತೂವರೆಗೆ ಕೊಂಡಾಪುರದ ಅವನ ಅಪಾರ್ಟ್‌ಮೆಂಟಿನಲ್ಲಿ ವಾರ್ಷಿಕ ಸಭೆ. ಊರು ತೆಲುಗಿನದಾದರೂ ಅಲ್ಲಿಯ ಹದಿನೈದು ಮನೆಗಳಲ್ಲಿ ಬಹುಪಾಲು ಕಾರ್ಖಾನೆಯ ಕನ್ನಡದವರೇ. ಸಭೆಯಲ್ಲಿ ಹೊಸ ಸೆಕ್ರೆಟರಿ ಆಯ್ಕೆಯಾಗಬೇಕು. ಈಗಿನ ಸೆಕ್ರೆಟರಿ ಸುಬ್ಬರಾಯರು ಮೂರು ವರ್ಷದಲ್ಲಿ ತಲೆಗೂದಲನ್ನೂ ಭಾನುವಾರಗಳನ್ನೂ ಪೂರ್ತಿ ಕಳೆದುಕೊಂಡಿದ್ದರು. ನೀರಿನ ಟ್ಯಾಂಕರ್ ಬರುವುದು ಭಾನುವಾರ, ಬೋರ್ ಮೋಟಾರು ಸುಡುವುದು ಭಾನುವಾರ, ಲಿಫ್ಟು ನಡುವೆ ನಿಲ್ಲುವುದೂ ಭಾನುವಾರವೇ. ಸೆಕ್ರೆಟರಿಯಾದರೆ ಪ್ರಾಣೇಶನ ಆಟ ಅಲ್ಲಿಗೆ ಮುಗಿದಂತೆ.

ಆ ಅಪಾರ್ಟ್‌ಮೆಂಟಿನಲ್ಲಿ ಒಂದು ಪದ್ಧತಿ ಇತ್ತು. ಸಭೆಗೆ ಬಾರದವರನ್ನು ಸರ್ವಾನುಮತದಿಂದ ಸೆಕ್ರೆಟರಿ ಮಾಡುವುದು. ಹಾಗಾಗಿ ಜ್ವರ ಬಂದವರೂ ಕಂಬಳಿ ಹೊದ್ದು ಬಂದು ಕೂಡುತ್ತಿದ್ದರು. ಪ್ರಾಣೇಶ ಅದಕ್ಕೊಂದು ಉಪಾಯ ಹೂಡಿದ್ದ. ಮೊದಲು ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಮಾಡುವುದು, ಆಮೇಲೆ ಯಾರಿಗೂ ಕಾಣದಂತೆ ಜಾರಿಕೊಳ್ಳುವುದು. ಪುಸ್ತಕದಲ್ಲಿ ಹಾಜರಿ, ಮಣಿಕೊಂಡದಲ್ಲಿ ಮನುಷ್ಯ.

ಹೆಂಡತಿ ನಲಿನಿ ಇದನ್ನು ಕೇಳಿ ನಕ್ಕಳು. "ಯಾರಿಗೂ ಕಾಣದಂಗ ಹೋಗತೀರಾ? ಮನ್ಯಾಗ ಕದ್ದು ಉಂಡಿ ತಿಂದರ ಮೀಸಿ ಮ್ಯಾಲ ಬೆಲ್ಲ ಇರತೈತಿ. ನಿಮ್ಮ ಕಡಿಂದ ಆಗೂದಲ್ಲರಿ."

"ನಿಂಗ ನಿಯಮ ಗೊತ್ತಿಲ್ಲ," ಎಂದ ಪ್ರಾಣೇಶ, ಗಂಭೀರವಾಗಿ.

ಹಳೆಯ ಚಪ್ಪಲಿ ರಿಪೇರಿಗೆ ಹೋಗಿದ್ದರಿಂದ ನಲಿನಿ ತನ್ನ ಅಣ್ಣ ಬೆಳಗಾವಿಯಿಂದ ತಂದಿದ್ದ ಹೊಸ ಕೊಲ್ಹಾಪುರಿ ಜೋಡನ್ನು ಕೊಟ್ಟಳು. ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟ. ಕಿರ್ರ್, ಕಿರ್ರ್. ಹೊಸ ಚರ್ಮ, ಎಣ್ಣೆ ಕುಡಿದಿರಲಿಲ್ಲ.

ಸಭೆ ಕೆಳಗೆ ಸೆಲ್ಲಾರಿನಲ್ಲಿ, ಕಾರು ಸ್ಕೂಟರುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿ. ಹಾಜರಿ ಪುಸ್ತಕ ಹಿಡಿದು ಕೂತವರು ಎರಡನೇ ಮಹಡಿಯ ಗಿರಿಜಾಬಾಯಿ. ಮೂವತ್ತು ವರ್ಷ ಹೆಡ್‌ಮಿಸ್ ಆಗಿದ್ದು ನಿವೃತ್ತರಾದವರು. ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆಯುತ್ತಲೇ ಕೊನೆಯ ಬೆಂಚಿನವನ ಬಾಯಲ್ಲಿರುವ ಪೆಪ್ಪರ್‌ಮಿಂಟಿನ ಬಣ್ಣ ಹೇಳುತ್ತಿದ್ದರಂತೆ.

"ಹೊಸಾ ಚಪ್ಪಲಿ ಏನ್ರಿ ಪ್ರಾಣೇಶ?" ಎಂದರು, ಪುಸ್ತಕದಿಂದ ತಲೆ ಎತ್ತದೆ. "ಭಾಳ ಛಂದ ಅದಾವ."

ಹದಿನಾಲ್ಕು ಮನೆಯವರೂ ಅವನ ಕಾಲು ನೋಡಿದರು. ಪ್ರಾಣೇಶ ಸಹಿ ಮಾಡಿ, ಕಿರ್ರ್ ಕಿರ್ರ್ ಎಂದು ನಡೆದು ಕೊನೆಯ ಸಾಲಿನಲ್ಲಿ ಕೂತ.

ಸುಬ್ಬರಾಯರು ವರದಿ ಓದತೊಡಗಿದರು. ಸಂಪಿನ ಅಧ್ಯಾಯ ಮುಗಿದು ಲಿಫ್ಟಿನ ಅಧ್ಯಾಯ ಶುರುವಾಗುವ ಹೊತ್ತಿಗೆ ಗೇಟಿನಲ್ಲಿ ದೇವರೇ ಕಳಿಸಿದಂತೆ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯಿತು. ಎಲ್ಲರೂ ಅತ್ತ ತಿರುಗಿದರು. ನೋಡುವವರ ಚಿತ್ತ ಬೇರೆ ಕಡೆ! ಪ್ರಾಣೇಶ ಕುರ್ಚಿಯಿಂದ ಜಾರಿ ಗೋಡೆಗುಂಟ ಬಗ್ಗಿ ನಡೆದ. ಆದರೆ ಗೇಟಿನಲ್ಲಿ ಟ್ಯಾಂಕರ್ ಅಡ್ಡ ನಿಂತುಬಿಟ್ಟಿತ್ತು, ಒಂದು ಬೆಕ್ಕೂ ನುಸುಳುವಂತಿರಲಿಲ್ಲ. ಹಿಂದೆ ಜನ ಮತ್ತೆ ಈ ಕಡೆ ತಿರುಗುತ್ತಿದ್ದರು.

ಪಕ್ಕದಲ್ಲೇ ಗಿರಿಜಾಬಾಯಿಯವರ ಮಾರುತಿ ಕಾರು. ನಾಲ್ಕು ವರ್ಷದಿಂದ ಅಲುಗದ ಆ ಪುಟ್ಟ ಕಾರಿಗೆ ದೊಡ್ಡ ಕಾರಿನ ಬಟ್ಟೆ ಹೊದಿಸಿದ್ದರು, ಅದು ಸುತ್ತಲೂ ಧಾರಾಳವಾಗಿ ಇಳಿಬಿದ್ದಿತ್ತು. ಅಡಗಲು ಮರೆ! ಉಳಿದದ್ದು ಸದ್ದೊಂದೇ. ಪ್ರಾಣೇಶ ಚಪ್ಪಲಿ ಕಳಚಿ, ಬಟ್ಟೆ ಎತ್ತಿ, ಒಳಗೆ ಹೊಕ್ಕು, ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ. ಮೂರು ನಿಯಮವೂ ಪೂರೈಸಿದವು. ಟ್ಯಾಂಕರ್ ಹೋದ ಕೂಡಲೇ ಗೇಟು ದಾಟಿ ಆಟೋ ಹಿಡಿಯುವುದಷ್ಟೇ ಬಾಕಿ.

ಹೊರಗೆ ಒಂದು ಕ್ಷಣ ಎಲ್ಲ ನಿಶ್ಶಬ್ದವಾಯಿತು. ಆಮೇಲೆ ವಾಚ್‌ಮನ್ ಯಾದಗಿರಿ ತೆಲುಗಿನಲ್ಲಿ ಇಲ್ಲಿ ನೋಡಿ ಎಂದು ಕರೆದದ್ದು ಕೇಳಿಸಿತು, "ಅಮ್ಮಾ, ಇಕ್ಕಡ ಚೂಡಂಡಿ..."

"ಉಂಡನೀ ಯಾದಗಿರಿ, ಮುಟ್ಟೊದ್ದು," ಎಂದು ಗಿರಿಜಾಬಾಯಿ ತೆಲುಗಿನಲ್ಲೇ ಗದರಿದರು. ಇರಲಿ ಬಿಡು, ಟ್ಯಾಂಕರಿನ ಪೈಪು ಮುಟ್ಟಬೇಡ ಎನ್ನುತ್ತಿರಬೇಕು ಎಂದುಕೊಂಡ ಪ್ರಾಣೇಶ.

ಟ್ಯಾಂಕರ್ ಖಾಲಿಯಾಗಲು ಅರ್ಧ ತಾಸು ಹಿಡಿಯಿತು. ಬಟ್ಟೆಯೊಳಗೆ ನಾಲ್ಕು ವರ್ಷದ ಧೂಳು, ಸೀನು ಮೂಗಿನ ತುದಿಗೆ ಬಂದು ಕೂತಿತ್ತು. ಕಾಲು ಜೋಮು ಹಿಡಿಯಿತು. ಇರುವೆಯೊಂದು ಕಾಲರಿನೊಳಗೆ ಇಳಿಯಿತು. ಪ್ರಾಣೇಶ ಬಾಯಿಗೆ ಕರವಸ್ತ್ರ ತುರುಕಿಕೊಂಡ. ಹನ್ನೊಂದು ಗಂಟೆಯೂ ದಾಟಿತು, ಟ್ಯಾಂಕರೂ ಹೊರಟಿತು, ಆದರೆ ಜನರ ಮಾತು ಕಾರಿನ ಪಕ್ಕದಲ್ಲೇ ಕೇಳುತ್ತಿದ್ದುದರಿಂದ ಹೊರಬರುವಂತಿರಲಿಲ್ಲ. ಹೊರಗೆ ಸುಬ್ಬರಾಯರು ಗಂಟಲು ಸರಿಮಾಡಿಕೊಂಡರು.

"ಈಗ ಹೊಸಾ ಸೆಕ್ರೆಟರಿ ವಿಷಯ. ಗೈರು ಯಾರದಾರ?"

"ಯಾರೂ ಇಲ್ಲ," ಎಂದರು ಗಿರಿಜಾಬಾಯಿ. "ಹದಿನೈದೂ ಸಹಿ ಅದಾವ."

ಒಬ್ಬರಿಗೆ ಬೆನ್ನುನೋವು, ಇನ್ನೊಬ್ಬರ ಮಗಳ ಪರೀಕ್ಷೆ, ಮತ್ತೊಬ್ಬರಿಗೆ ಯಾವ ಕ್ಷಣದಲ್ಲಾದರೂ ವರ್ಗ. ನೆಪಗಳು ಸಾಲಾಗಿ ಬಂದವು. ಎಲ್ಲ ಮುಗಿದ ಮೇಲೆ ಗಿರಿಜಾಬಾಯಿ ಮೆಲ್ಲಗೆ, "ಪ್ರಾಣೇಶ ಆಗಲಿ," ಎಂದರು.

ಬಟ್ಟೆಯೊಳಗೆ ಪ್ರಾಣೇಶ ಬಾಯಿಂದ ಕರವಸ್ತ್ರ ಕಿತ್ತುಕೊಂಡ.

"ಅವರು ಸಹಿ ಮಾಡ್ಯಾರ ಖರೆ, ಆದರ ಕುರ್ಚ್ಯಾಗ ಇಲ್ಲಲ್ಲಾ?" ಎಂದರು ಸುಬ್ಬರಾಯರು. ಯಾಕೋ ಅವರ ದನಿಯಲ್ಲಿ ನಗು ಬೆರೆತಂತಿತ್ತು.

"ಪುಸ್ತಕದಾಗ ಅದಾರಂದ್ರ ಅದಾರ. ಹದಿನಾಲ್ಕು ಮಂದಿ ಬ್ಯಾಡ ಅಂದಾರ, ಅವರು ಅಂದಿಲ್ಲ. ಅವರಿಗೆ ಬ್ಯಾಡಾದರ ಈಗ ಹೇಳಲಿ. ನಾ ಮೂರು ಎಣಿಸತೀನಿ."

"ಒಂದು," ಎಂದರು ಗಿರಿಜಾಬಾಯಿ.

ಬ್ಯಾಡ ಎಂದು ಕೂಗಬೇಕು. ಆದರೆ ಕೂಗಿದರೆ ಕಾರಿನ ಹೊದಿಕೆಯೊಳಗೆ ಯಾಕೆ ಕೂತಿದ್ದೆ ಎಂದು ಕೇಳುತ್ತಾರೆ. ನಾಳೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಹಾದ ಜೊತೆ ಇದನ್ನೇ ಹಂಚುತ್ತಾರೆ.

"ಎರಡು."

ನೆರಳಪ್ಪನಾಗಿದ್ದರೆ ಹೊರಗೆ ಬರುತ್ತಿದ್ದನೇ? ಕೊರಳಿಗೆ ಕತ್ತಿ ಹಿಡಿದರೂ ಇಲ್ಲ. ಈಗ ಸುಮ್ಮನಿದ್ದು, ಸಂಜೆ ಮಾತನಾಡಿ ಬಿಡಿಸಿಕೊಂಡರಾಯಿತು.

"ಮೂರು. ಸರ್ವಾನುಮತ."

ಚಪ್ಪಾಳೆ ಬಿತ್ತು. ಅಷ್ಟು ಜೋರಾದ ಚಪ್ಪಾಳೆ ಆ ಸೆಲ್ಲಾರಿನಲ್ಲಿ ಗಣಪತಿ ಕೂಡಿಸಿದಾಗಲೂ ಬಿದ್ದಿರಲಿಲ್ಲ.

ಆಮೇಲೆ ಚಹಾ, ಮಿರ್ಚಿ ಬಜ್ಜಿ. ಅದರ ವಾಸನೆ ಬಟ್ಟೆಯೊಳಗೂ ಬಂತು. ಕುರ್ಚಿ ಮಡಚುವ ಸದ್ದು, ಲಿಫ್ಟಿನ ಸದ್ದು, ಕೊನೆಗೆ ಯಾವ ಸದ್ದೂ ಇಲ್ಲ. ಹನ್ನೆರಡೂವರೆಗೆ ಪ್ರಾಣೇಶ ಹೊದಿಕೆ ಎತ್ತಿ ತಲೆ ಹೊರಗೆ ಹಾಕಿದ.

ಎದುರಿಗೆ ಗಿರಿಜಾಬಾಯಿ ಒಬ್ಬರೇ ಕುರ್ಚಿ ಹಾಕಿಕೊಂಡು ಕೂತಿದ್ದರು. ತೊಡೆಯ ಮೇಲೆ ಗೇಟು, ಪಂಪು, ಲಿಫ್ಟುಗಳ ಬೀಗದ ಕೈಗಳ ದೊಡ್ಡ ಗೊಂಚಲು, ಪಕ್ಕದಲ್ಲಿ ತಟ್ಟೆಯಲ್ಲಿ ಎರಡು ಬಜ್ಜಿ.

"ಬರ್ರಿ ಸೆಕ್ರೆಟರಿಯವರs. ಬಜ್ಜಿ ಆರಾಕತ್ತಾವ."

"ನೀವು... ನೋಡಿದ್ರ್ಯಾ?"

"ಮೊದಲs ನೋಡಿದೆ."

"ಬ್ಯಾರೆ ಯಾರಿಗರೆ ಗೊತ್ತೈತೇನ್ರಿ?"

"ಎಲ್ಲಾರಿಗೂ ಗೊತ್ತೈತಿ. ಹದಿನಾಲ್ಕು ಮಂದೀನೂ ನೋಡ್ಯಾರ, ಯಾದಗಿರೀನೂ ನೋಡ್ಯಾನ."

"ಮತ್ತ ಒಬ್ಬರೂ ಅನ್ನಲಿಲ್ಲಲ್ಲರಿ!"

"ಯಾಕ ಅಂತಾರ? ನಿಮ್ಮನ್ನ ಹೊರಗ ಎಳದರ ನೀವು ಬ್ಯಾಡ ಅಂತಿದ್ರಿ. ಆಮ್ಯಾಲ ಅವರೊಳಗs ಒಬ್ಬರು ಆಗಬೇಕಿತ್ತು."

ಹೇಳುವುದು ಬಿಡುವುದು ನೋಡಿದವರ ಮರ್ಜಿ ಎಂದು ನರಹರಿ ಅಂದದ್ದು ಪ್ರಾಣೇಶನಿಗೆ ಈಗ ಪೂರ್ತಿಯಾಗಿ ಕೇಳಿಸಿತು. ಆದರೂ ಅವನಿಗೆ ಒಂದು ಅರ್ಥವಾಗಲಿಲ್ಲ. "ಎಲ್ಲಾರೂ ಟ್ಯಾಂಕರ್ ನೋಡಾಕತ್ತಿದ್ದರು. ಹೆಂಗ ಗೊತ್ತಾತು?"

ಗಿರಿಜಾಬಾಯಿ ಗೊಂಚಲಿನಿಂದ ನೆಲ ತೋರಿಸಿದರು. ಹೊದಿಕೆಯ ಹೊರಗೆ, ಯಾರದೋ ಮನೆಯ ಹೊಸ್ತಿಲಲ್ಲಿ ಬಿಟ್ಟಂತೆ, ಹೊಸ ಕೊಲ್ಹಾಪುರಿ ಚಪ್ಪಲಿಗಳು ಕಾರಿನ ಕಡೆ ಮುಖ ಮಾಡಿ ಜೋಡಿಯಾಗಿ ಕೂತಿದ್ದವು.

"ಕಳ್ಳತನಕ್ಕ ಹೋಗೂ ಮುಂದೂ ಚಪ್ಪಲಿ ಹೊರಗ ಬಿಟ್ಟು ಹೋಗೀರಿ," ಎಂದರು ಅವರು, ಮೆಚ್ಚುಗೆಯಿಂದಲೇ. "ಇಂಥಾವರ ಕೈಯಾಗ ಬೀಗ ಕೊಡಾಕ ಅಂಜಿಕಿ ಇಲ್ಲ." ಗೊಂಚಲನ್ನು ಅವನ ಅಂಗೈಯಲ್ಲಿಟ್ಟು ಎದ್ದರು.

ಜೇಬಿನಲ್ಲಿ ಫೋನು ನಡುಗಿತು. ನರಹರಿ. ಸಂಭ್ರಮದಲ್ಲಿದ್ದ.

"ಲೇ ಪ್ರಾಣ್ಯಾ, ನೆರಳಪ್ಪ ಬದುಕ್ಯಾನಲೇ! ರಾಮದಾಸ ದಾಳ ಹಾಕಿದ, ಇಪ್ಪತ್ತು ಬಿತ್ತು. ಗುಹೆಯೊಳಗ ಹೋಗಿ ನಿಧಿ ತಗೊಂಡು ಬಂದ, ಒಂದು ನರಪಿಳ್ಳಿಗೂ ಕಾಣಲಿಲ್ಲ. ಇನ್ನ ಮ್ಯಾಲ ನೆರಳಪ್ಪನ್ನ ರಾಮದಾಸನs ಆಡಲಿ ಅಂತ ನಿರ್ಣಯ ಆತು. ನೀ ಬರಲಿಲ್ಲಲ್ಲಾ, ಇಲ್ಲಿ ಇರದವರದು ಒಪ್ಪಿಗಿ ಅಂತ ತಿಳಕೊಂಡ್ವಿ."

ಪ್ರಾಣೇಶ ಉತ್ತರ ಕೊಡುವಷ್ಟರಲ್ಲಿ ಯಾದಗಿರಿ ಮೆಟ್ಟಿಲ ಕಡೆಯಿಂದ ಓಡಿ ಬಂದ. "ಸಾರ್, ಮೋಟಾರು ಕಾಲಿಪೋಯಿಂದಿ ಸಾರ್!"

ಟ್ಯಾಂಕರಿನ ನೀರು ಸಂಪಿನಲ್ಲಿತ್ತು, ಮೇಲೆ ಏರಿಸುವ ಮೋಟಾರು ಸುಟ್ಟಿತ್ತು, ಭಾನುವಾರ ಇನ್ನೂ ಅರ್ಧ ಬಾಕಿ ಇತ್ತು. ಪ್ರಾಣೇಶ ಧೂಳು ಕೊಡವಿ, ಚಪ್ಪಲಿ ಮೆಟ್ಟಿ, ಬೀಗದ ಕೈಗಳ ಗೊಂಚಲು ಹಿಡಿದು ಸಂಪಿನ ಕಡೆ ನಡೆದ. ಕಿರ್ರ್, ಕಿರ್ರ್. ಸದ್ದು ಕೇಳಿ ಮೇಲಿನ ಬಾಲ್ಕನಿಗಳಿಂದ ಒಂದೊಂದೇ ತಲೆ ಹೊರಗೆ ಬಂತು. ಮೂರನೇ ಮಹಡಿಯಿಂದ ನಲಿನಿಯೂ ನೋಡಿದಳು.

"ರೀ ಸೆಕ್ರೆಟರಿ," ಎಂದು ಕೂಗಿದಳು, "ನಮ್ಮ ಮನ್ಯಾಗೂ ನೀರು ಬರವಲ್ದು!"