ಮೇಷ್ಟ್ರಿಗೆ ಕೇಳಿಸಿದ ಶಬ್ದ

ಜಗಳದಲ್ಲಿ ಸೋತು ಗೊತ್ತಿಲ್ಲದವಳು ನಾನು. ಇದು ಜಂಬವಲ್ಲ, ಕಾಯಿಲೆ. ಗುಬ್ಬಿ ಬಸ್ಸಿನ ಕಂಡಕ್ಟರನಿಂದ ಹಿಡಿದು ನನ್ನ ನಾದಿನಿಯವರೆಗೆ ಯಾರ ಜೊತೆ ಮಾತಿಗೆ ಮಾತು ಬೆಳೆದರೂ ಅದನ್ನು ಸಂಜೆಯೊಳಗೆ ನನ್ನ ಪೇಜಿನಲ್ಲಿ ಪೋಸ್ಟ್ ಮಾಡಿ, "ಸರಿಯಾಗಿ ಕೊಟ್ರಿ ಮೇಡಂ" ಅನ್ನುವ ನಾಲ್ಕು ಕಾಮೆಂಟು ಓದಿದ ಮೇಲೇ ನನಗೆ ಮುದ್ದೆ ಇಳಿಯುವುದು. ಹಾಗೆ ಗೆದ್ದ ಜಗಳಗಳಲ್ಲಿ ಒಂದನ್ನು ಮಾತ್ರ ವಾಪಸ್ ಕೊಡುವ ಹಾಗಿದ್ದರೆ ಇವತ್ತೇ ಕೊಟ್ಟು ಬರುತ್ತಿದ್ದೆ.

ತುಮಕೂರಿನಲ್ಲಿ ನಮ್ಮದು ಮೂರನೇ ಮಹಡಿಯ ಮನೆ. ಸರಿಯಾಗಿ ಅದರ ಕೆಳಗಿನ ಮನೆಯಲ್ಲಿ ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ಒಬ್ಬರೇ. ಅವರ ಹೆಂಡತಿ ಸರೋಜಕ್ಕ ಇದ್ದಷ್ಟು ದಿನ ಮೇಷ್ಟ್ರ ದನಿಯನ್ನೇ ನಾನು ಕೇಳಿರಲಿಲ್ಲ. ಇಬ್ಬರ ಪಾಲಿನ ಮಾತನ್ನೂ ಆಕೆಯೇ ಆಡಿ ಮುಗಿಸುತ್ತಿದ್ದರು. ಆಕೆ ತೀರಿಕೊಂಡು ಎಷ್ಟೋ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮೂರು ಗಂಟೆಗೆ ಬೆಲ್ ಆಯಿತು.

"ಅಮ್ಮಾ, ಮೇಲೆ ಏನೋ ಉರುಳಿಸ್ತಿದೀರ. ಸ್ವಲ್ಪ ನಿಲ್ಸಿ, ಮಲ್ಗಕ್ಕೆ ಆಗ್ತಿಲ್ಲ."

"ಏನ್ ಉರುಳಿಸ್ಲಿ ಮೇಷ್ಟ್ರೇ? ನಮ್ಮನೇಲಿ ಉರುಳೋ ಅಂಥದ್ದು ಅಂದ್ರೆ ನಾನೊಬ್ಳೇ. ನಾನು ಸೋಫಾ ಮೇಲಿದೀನಿ."

ಅವರು ನಗಲಿಲ್ಲ. ಮಾರನೇ ದಿನವೂ ಬಂದರು, ಅದರ ಮಾರನೇ ದಿನವೂ. ಕುರ್ಚಿಗಳ ಕಾಲಿಗೆ ರಬ್ಬರ್ ಹಾಕಿಸಿದೆ. ನಮ್ಮ ಯಜಮಾನರು ಮನೆಯೊಳಗೆ ಸಾಕ್ಸ್ ಹಾಕಿಕೊಂಡು ಓಡಾಡಿ ಎರಡು ಸಲ ಜಾರಿ ಬಿದ್ದರು. ಬೆಳಿಗ್ಗೆ ಅಷ್ಟು ದೊಡ್ಡ ದೇಹ ಬಿದ್ದ ಶಬ್ದಕ್ಕೆ ಮೇಷ್ಟ್ರು ಬರಲಿಲ್ಲ. ಮೂರು ಗಂಟೆಗೆ ಸರಿಯಾಗಿ ಬಂದರು.

"ಒಂದ್ಸಲ ಕೆಳಗೆ ಬಂದು ನೀನೇ ಕೇಳಮ್ಮ. ಹತ್ತು ನಿಮಿಷ ಕೂತ್ಕೊ. ಕಾಫಿ ಮಾಡ್ತೀನಿ."

"ನಮ್ಮನೆ ಶಬ್ದ ಕೇಳಕ್ಕೆ ನಿಮ್ಮನೇಗೆ ಬರ್ಬೇಕಾ?" ಅಂದೆ. ಚೇಳೂರಿನ ತೆಂಗಿನ ತೋಟದವರ ಮಗಳು ನಾನು. ಅಟ್ಟದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳಬಲ್ಲೆ. ನನ್ನ ಕಿವಿಗೇ ಪಾಠವೇ ಎಂದು ಸಿಟ್ಟು ಬಂತು. ಒಂದು ವಾರ ಮೂರು ಗಂಟೆಗೆ ಫೋನನ್ನು ಹಾಲ್‌ನ ನೆಲದ ಮೇಲಿಟ್ಟು ರೆಕಾರ್ಡ್ ಮಾಡಿದೆ. ಫ್ಯಾನಿನ ಸದ್ದು, ಯಜಮಾನರ ಗೊರಕೆ, ಅಷ್ಟೇ. ಅದನ್ನು ಅಪಾರ್ಟ್‌ಮೆಂಟಿನ ಗ್ರೂಪಿಗೆ ಹಾಕಿ ಬರೆದೆ: "ಸರೋಜಕ್ಕ ಹೋದ ಮೇಲೆ ಮೇಷ್ಟ್ರಿಗೆ ಇಲ್ಲದ ಶಬ್ದ ಕೇಳಿಸುತ್ತಿದೆ. ಮನೆಯವರು ಡಾಕ್ಟರಿಗೆ ತೋರಿಸುವುದು ಒಳ್ಳೆಯದು." ಕೊನೆಗೆ ಮೂರು ಕೈಮುಗಿದ ಚಿತ್ರ. ಎಲ್ಲರೂ ಹೆಬ್ಬೆರಳು ಒತ್ತಿದರು. ಮೇಷ್ಟ್ರು ಬರುವುದನ್ನು ನಿಲ್ಲಿಸಿದರು. ನಾನು ಗೆದ್ದೆ.

ಯಾರೋ ಅದನ್ನು ಕುಣಿಗಲ್‌ನಲ್ಲಿರುವ ಅವರ ಮಗಳು ಲತಾಗೆ ಕಳಿಸಿದರು. ಭಾನುವಾರ ಅವಳು ಬಂದಳು. ಅಪ್ಪ ಮಗಳ ಮಾತು ಮೆಟ್ಟಿಲವರೆಗೂ ಕೇಳುತ್ತಿತ್ತು.

"ನಂಗೇನೂ ಆಗಿಲ್ಲ ಕಣೇ ಲತಾ. ಶಬ್ದ ಇದೆ."

"ಇರ್ಲಿ ಬಿಡಪ್ಪ. ನಮ್ಮನೇಗೆ ನಡಿ, ಅಲ್ಲಿ ಕೇಳಲ್ಲ."

ಮನೆಯನ್ನು ಬೇರೆಯವರಿಗೆ ಒಪ್ಪಿಸಿಯೂ ಆಯಿತು. ಸಾಮಾನು ಕಟ್ಟುವ ದಿನ ಲತಾ ನನ್ನನ್ನೇ ಕರೆದಳು: "ಆಂಟಿ, ಪಾತ್ರೆ ಕಟ್ಟಕ್ಕೆ ಸ್ವಲ್ಪ ಕೈ ಜೋಡಿಸ್ತೀರಾ?" ಸರೋಜಕ್ಕನ ತಿಥಿ ಊಟದ ನಂತರ ಆ ಮನೆಗೆ ಕಾಲಿಟ್ಟದ್ದು ಅವತ್ತೇ. ಹಿತ್ತಾಳೆ ಕೊಳಗಕ್ಕೆ ಪೇಪರ್ ಸುತ್ತುತ್ತಿದ್ದೆ. ಗೋಡೆ ಗಡಿಯಾರದಲ್ಲಿ ಮೂರಾಗಿತ್ತು.

ತಲೆಯ ಮೇಲೆ ಗುಡುಗುಡು ಅಂತು. ಆಮೇಲೆ, ಲೊಡಕ್.

ನನ್ನ ಕೈ ನಿಂತಿತು. ಹುಟ್ಟಿದಾಗಿನಿಂದ ಕೇಳಿದ ಶಬ್ದ. ಕಾಯಿಯ ನೀರು ಬತ್ತಿ, ಒಳಗಿನ ಕೊಬ್ಬರಿ ಗಿಟುಕು ಕರಟ ಬಿಟ್ಟು ಅಲ್ಲಾಡುವ ಶಬ್ದ.

"ಲತಾ, ಅಟ್ಟ ತೆಗಿ," ಅಂದೆ.

ಅವಳು ಸ್ಟೂಲ್ ಹತ್ತಿ ಅಡುಗೆಮನೆ ಅಟ್ಟದ ಪ್ಲೈವುಡ್ ಬಾಗಿಲು ಎಳೆದಳು. ಅಳಿಲೊಂದು ವೆಂಟಿಲೇಟರಿನಿಂದ ಆಚೆ ಹಾರಿತು. ಹರಿದ ಗೋಣಿಚೀಲ, ಕಾಂಕ್ರೀಟಿನ ಮೇಲೆ ಚೆಲ್ಲಾಡಿದ ತೆಂಗಿನಕಾಯಿ. ಚೀಲದ ಮೇಲೆ ಕೆಂಪು ಬಣ್ಣದಲ್ಲಿ ನಮ್ಮಣ್ಣನ ಹೆಸರಿನ ಅಕ್ಷರ. ಹೋದ ಕಾರ್ತೀಕದಲ್ಲಿ ಚೇಳೂರಿನಿಂದ ನಾನೇ ತಂದುಕೊಟ್ಟ ಚೀಲ. "ಮುಂದಿನ ದೀಪಾವಳಿ ಹೊತ್ಗೆ ಲತಾಗೆ ಕೊಬ್ಬರಿ ಆಗುತ್ತೆ ಕಣೇ," ಎಂದು ಸರೋಜಕ್ಕ ಕೇಳಿ ತರಿಸಿಕೊಂಡದ್ದು. ನಾನೇ ಮರೆತಿದ್ದೆ. ಮೇಷ್ಟ್ರಿಗೆ ಅಟ್ಟದಲ್ಲಿ ಏನಿದೆ ಎಂದು ಯಾವ ಕಾಲಕ್ಕೂ ಗೊತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಲತಾ ಕೈಯಿಂದ ಒಂದು ಕಾಯಿ ತೆಗೆದುಕೊಂಡರು. ಅಲ್ಲಾಡಿಸಿದರು. "ಅವ್ಳು ಇಟ್ಟಿದ್ದಾ?" ಎಂದು ಅಷ್ಟೇ ಕೇಳಿದರು.

"ಮೇಷ್ಟ್ರೇ, ತಪ್ಪು ನಂದೇ ಅಂತ ಗ್ರೂಪಲ್ಲಿ ಹಾಕ್ತೀನಿ. ನೀವು ಹೋಗ್ಬೇಡಿ."

"ಕೀ ಕೊಟ್ಟಾಯ್ತಲ್ಲಮ್ಮ." ಆಮೇಲೆ, ಬಿಡಿಸದ ಲೆಕ್ಕಕ್ಕೆ ಉತ್ತರ ಸಿಕ್ಕವರ ಹಾಗೆ ಮೆಲ್ಲಗೆ, "ನಿಮ್ಮನೆ ಶಬ್ದ ಅಂದಿದ್ದೆ. ನಿಮ್ದೇ ಕಾಯಿ ನೋಡು," ಅಂದು ಅದನ್ನು ನನ್ನ ಕೈಗಿಟ್ಟರು. ಬೈದಿದ್ದರೆ ಜಗಳವಾಡಬಹುದಿತ್ತು.

ಹಾಕಿದೆ, ಗ್ರೂಪಿನಲ್ಲೂ ನನ್ನ ಪೇಜಿನಲ್ಲೂ. ಮೊದಲಿನದಕ್ಕೆ ಹೆಬ್ಬೆರಳು ಒತ್ತಿದವರು ಯಾರೂ ಇದನ್ನು ಓದಿದ ಹಾಗೆ ಕಾಣಲಿಲ್ಲ.

ಆ ಕಾಯಿ ಒಡೆಯಲು ಮನಸ್ಸು ಬಾರದೆ ಶೆಲ್ಫಿನ ಮೇಲಿಟ್ಟಿದ್ದೆ. ಮೊನ್ನೆ ಮಧ್ಯಾಹ್ನ ಉರುಳಿ ನೆಲಕ್ಕೆ ಧಡ್ಡೆಂದು ಬಿತ್ತು. "ಸಾರಿ ಮೇಷ್ಟ್ರೇ" ಅನ್ನುತ್ತಾ ಓಡಿ ಹೋಗಿ ಬಾಗಿಲು ತೆಗೆದು ನಿಂತೆ.

ಕೆಳಗೆ ಈಗ ಹೊಸಬರು. ತುಂಬಾ ಒಳ್ಳೆಯ ಜನ. ಒಂದು ದಿನವೂ ಬೆಲ್ ಒತ್ತಿಲ್ಲ.