ಹೆಬ್ಬಾವಿಗೆ ಗಾಳಿ ಸೋಕಿದ್ದು

ಬೆಳಿಗ್ಗೆ ಕಾಫಿ ಕಾಯಿಸುತ್ತಿದ್ದ ವೆಲಿಬೋರನಿಗೆ ಹಾವಿನ ಪೆಟ್ಟಿಗೆಯ ಕಡೆಯಿಂದ 'ಸುಂಯ್' ಎಂದು ಕೇಳಿಸಿತು. ಅವನ ಕೈಯಲ್ಲಿದ್ದ ಚಮಚ ನೆಲಕ್ಕೆ ಬಿತ್ತು.

ಪೆಟ್ಟಿಗೆಯಲ್ಲಿದ್ದದ್ದು ಯಾಸ್ನಾಳ ಮುದ್ದಿನ ಹೆಬ್ಬಾವಿನ ಮರಿ. ಸುತ್ತಿಕೊಂಡು ಮಲಗಿದರೆ ಬೇಕರಿಯ ಸುರುಳಿ ತಿಂಡಿ ಬುರೆಕ್‌ನಂತೆಯೇ ಕಾಣುತ್ತಿದ್ದುದರಿಂದ ಹೆಸರೂ ಬುರೆಕ್. ಯಾಸ್ನಾ ಪಾಂಚೆವೊ ಊರಿನ ಶ್ವಾಸಕೋಶದ ಡಾಕ್ಟರು. ಸಮ್ಮೇಳನಕ್ಕೆ ಹೊರಡುವಾಗ ಮರಿಯನ್ನು ಇವನ ಮಡಿಲಿಗೆ ಹಾಕಿ, "ನಾನು ಬರೋಷ್ಟರಲ್ಲಿ ಇದಕ್ಕೆ ಕೆಮ್ಮು ಗಿಮ್ಮು ಬಂತೋ, ಮದುವೆ ಮಾತು ಮರೆತುಬಿಡು" ಎಂದಿದ್ದಳು. ಹಾವಿನ ಶ್ವಾಸದ ಮೇಲೆ ಅವಳ ವಿಶ್ವಾಸ ನಿಂತಿತ್ತು. ಅವಳು ಬರುವುದು ಇವತ್ತು ಸಂಜೆ.

ಮತ್ತೆ 'ಸುಂಯ್'.

ವೆಲಿಬೋರ್ ಬಾಗಿಲು ತೆರೆದು ಒಮ್ಮೆ "ಅಯ್ಯೋ" ಎಂದದ್ದಷ್ಟೇ. ಮೇಲಿನ ಮನೆಯ ದೇಸಾಂಕಾ ಅಜ್ಜಿ ಚಪ್ಪಲಿ ಎಳೆದುಕೊಂಡು ಹಾಜರು. ಹಾವನ್ನು ನೋಡಲೂ ಇಲ್ಲ; ನೋಡಿದ್ದು ಕಿಟಕಿಯನ್ನು.

"ಪ್ರೊಮಾಯಾ!" ಎಂದಳು.

ಎದುರುಬದುರು ಕಿಟಕಿಗಳ ನಡುವೆ ನುಗ್ಗುವ ಗಾಳಿಗೆ ಆ ಊರಲ್ಲಿ ಪ್ರೊಮಾಯಾ ಎನ್ನುತ್ತಾರೆ. ಹಲ್ಲುನೋವು, ಸೊಂಟನೋವು, ಸೊಸೆಗೆ ಮಕ್ಕಳಾಗದ್ದು, ಎಲ್ಲವೂ ಆ ಮಾಯೆಯದೇ ಕೆಲಸ.

"ಕಿಟಕಿ ಮುಚ್ಚೇ ಇದೆ ಅಜ್ಜಿ."

"ಇದು ಮುಚ್ಚೋದಾ? ಸರಿಯಾಗಿ ಮುಚ್ಚು!" ಅಜ್ಜಿ ಭುಜ ಕೊಟ್ಟು ಕಿಟಕಿಯನ್ನು ಅದುಮಿದಳು. ಸದ್ದು ಇನ್ನಷ್ಟು ಜೋರಾಯಿತು. "ನೋಡಿದ್ಯಾ, ಪಾಪ, ಉಲ್ಬಣಿಸಿಬಿಟ್ಟಿದೆ! ಎದೆಗೆ ರಾಕಿಯಾ ಸಾರಾಯಿ ಉಜ್ಜೋ."

"ಹಾವಿಗೆ ಎದೆ ಎಲ್ಲಿಂದ ಎಲ್ಲಿವರೆಗೆ ಅಜ್ಜಿ?"

"ತಲೆ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಎದೆನೇ. ದೊಡ್ಡ ಬಾಟಲಿ ತಾ."

ಬಾಟಲಿ ಎಂಬ ಮಾತು ಕೇಳಿ ಕೆಳಮನೆಯ ಮಿಲೂತಿನ್ ಮಾವ ಮೇಲೆ ಬಂದ. ಮದುವೆ ಮೆರವಣಿಗೆಗಳಲ್ಲಿ ತುತ್ತೂರಿ ಊದಿ ನಿವೃತ್ತನಾದವನು. ಕಿವಿಗೆ ಕೈ ಹಚ್ಚಿ, "ಅದು ಸುಂಯ್ ಅಲ್ಲ ಕಣಯ್ಯಾ, ಸೀಂಯ್. ಶ್ರುತಿ ಸ್ವಲ್ಪ ಮೇಲಿದೆ" ಎಂದ. ಹಾವಿಗೆಂದು ತಂದ ರಾಕಿಯಾವನ್ನು ತಾನೇ ಎತ್ತಿದ. "ದಂಡ ಯಾಕೆ? ಅದರ ಪರವಾಗಿ ನಾನು ತಗೋತೀನಿ."

ವೆಲಿಬೋರ್ ಪಶುವೈದ್ಯನಿಗೆ ಫೋನ್ ಹಚ್ಚಿದ.

"ಸದ್ದು ಹೇಗಿದೆ, ಮಾಡಿ ತೋರಿಸಿ" ಎಂದ ವೈದ್ಯ.

ಅದು ವೆಲಿಬೋರನಿಗೆ ನೀರು ಕುಡಿದಷ್ಟು ಸುಲಭ. ಪುರಸಭೆಯ ಅಧ್ಯಕ್ಷರಿಂದ ಹಿಡಿದು ಹಳೇ ಟ್ರಾಮಿನವರೆಗೆ ಏನನ್ನು ಬೇಕಾದರೂ ಮಿಮಿಕ್ರಿ ಮಾಡಿ ನಗಿಸುತ್ತಿದ್ದ. ಯಾಸ್ನಾ ಒಲಿದದ್ದೂ ಅದಕ್ಕೇ. "ಸುಂಯ್" ಎಂದ. "ಸೀಂಯ್!" ಎಂದು ಮಾವ ತಿದ್ದಿದ. "ಖರ್ರ್" ಎಂದು ಅಜ್ಜಿ ಉಸಿರು ಎಳೆದುಕೊಂಡಳು.

"ಆ ಕೊನೇದು ತುಂಬಾ ಕೆಟ್ಟಿದೆ" ಎಂದ ವೈದ್ಯ. "ಹಾವಿನ ಮುಂದೆ ಸಿಗರೇಟು ಸೇದ್ತೀರಾ?"

"ಅದು ನಮ್ಮಜ್ಜಿ ಸಾರ್."

"ಓ! ಸರಿ, ಹಾವು ಬಾಯಿ ತೆರೆದು ಉಸಿರಾಡ್ತಿದೆಯಾ? ಮೂಗಲ್ಲಿ ಗುಳ್ಳೆ? ಜೊಲ್ಲು?"

"ಇಲ್ಲ. ಕಣ್ಣು ಮಾತ್ರ ಮೊನ್ನೆ ಹಾಲಿನ ಹಾಗಾಗಿ ಈಗ ತಿಳಿಯಾಗಿದೆ."

"ಹಾಗಾದ್ರೆ ಪೊರೆ ಬಿಡೋಕೆ ರೆಡಿ ಆಗಿದೆ. ಆಗ ಮೂಗು ಕಟ್ಟಿ ಸದ್ದು ಬರೋದು ಉಂಟು. ಪೆಟ್ಟಿಗೆ ಬೆಚ್ಚಗಿರಲಿ, ಕೋಣೆಗೆ ಮಾತ್ರ ಗಾಳಿ ಬಿಡಿ. ಕಿಟಕಿ ತೆಗೀರಿ."

ವೆಲಿಬೋರ್ ಎರಡೂ ಕಿಟಕಿ ತೆರೆದ. ಅಜ್ಜಿ ಎದೆಗೆ ಶಿಲುಬೆ ಗುರುತು ಹಾಕಿಕೊಂಡು, ಕುತ್ತಿಗೆಗೆ ಶಾಲು ಬಿಗಿದು, "ಕೊಲೆಗಾರ!" ಎಂದು ಬೈಯುತ್ತಾ ಓಡಿದಳು. ಬಾಟಲಿ ಬರಿದಾಗಿದ್ದರಿಂದ ಮಾವನೂ ಎದ್ದ.

ಪವಾಡ! ಕಿಟಕಿ ತೆರೆದದ್ದೇ ಸದ್ದು ನಿಂತುಹೋಯಿತು. ಮಧ್ಯಾಹ್ನದ ಹೊತ್ತಿಗೆ ಬುರೆಕ್ ಕಾಲುಚೀಲ ಕಳಚುವಂತೆ ನೀಟಾಗಿ ಪೊರೆ ಬಿಟ್ಟು ಫಳಫಳ ಹೊಳೆಯಿತು. ವೆಲಿಬೋರ್ ಮನಸ್ಸಿನಲ್ಲೇ ಮದುವೆಯ ಬ್ಯಾಂಡಿನವರನ್ನು ಗೊತ್ತುಮಾಡಿಬಿಟ್ಟ. ಅಜ್ಜಿಯ ಮೂಢನಂಬಿಕೆಯ ಕತೆ ಕೇಳಿದರೆ ಯಾಸ್ನಾ ಎಷ್ಟು ನಗುತ್ತಾಳೋ! ಎಷ್ಟೆಂದರೂ ಶ್ವಾಸಕೋಶ ಓದಿಕೊಂಡವಳು.

ಸಂಜೆ ಯಾಸ್ನಾ ಬಂದಳು. ಬಾಗಿಲು ತೆರೆದದ್ದೇ ಗಾಳಿ ಭರ್ರನೆ ನುಗ್ಗಿ ಅವಳ ಟೋಪಿ ಹಾರಿಸಿತು. ಅವಳ ಮುಖ ಬಿಳಿಚಿಕೊಂಡಿತು.

"ಪ್ರೊಮಾಯಾ!"

"ನೀನೂನಾ? ಡಾಕ್ಟರಾಗಿ? ನಿನ್ನ ಪುಸ್ತಕದಲ್ಲಿ ಎಲ್ಲಿದೆ ಪ್ರೊಮಾಯಾ?"

"ಪುಸ್ತಕದಲ್ಲಿ ನಮ್ಮಮ್ಮನೂ ಇಲ್ಲ. ಹಾಗಂತ ಅಮ್ಮ ಇಲ್ವಾ?" ಯಾಸ್ನಾ ಎರಡೂ ಕಿಟಕಿಗಳನ್ನು ದಡಾರನೆ ಮುಚ್ಚಿ, ಬುರೆಕ್‌ನನ್ನು ಶಾಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡಳು.

'ಸುಂಯ್...'

ಇಬ್ಬರೂ ಕೇಳಿಸಿಕೊಂಡರು.

"ಉಬ್ಬಸ!" ಯಾಸ್ನಾಳ ಕಣ್ಣು ತುಂಬಿತು. "ಒಂದು ಹಾವಿನ ಉಸಿರು ಕಾಯೋಕಾಗ್ಲಿಲ್ಲ ನಿನಗೆ. ನಾಳೆ ನಮ್ಮ ಮಗುನ ಏನು ಕಾಯ್ತೀಯ? ಮುಗೀತು."

ಉಂಗುರ ಮೇಜಿನ ಮೇಲೆ ಬಿತ್ತು. ಎದೆಗೊತ್ತಿಕೊಂಡ ಹಾವಿನೊಂದಿಗೇ ಅವಳು ಹೊರಟಳು. ಬಾಗಿಲು ಧಡ್ ಎಂದಿತು. ಹಾವು ಪೊರೆ ಬಿಟ್ಟಿತ್ತು. ಇವನನ್ನು ಪೊರೆಯುವವರು ಯಾರೂ ಇರಲಿಲ್ಲ.

'ಸುಂಯ್...'

ವೆಲಿಬೋರ್ ತಲೆ ಎತ್ತಿದ. ಹಾವು ಮನೆಯಲ್ಲೇ ಇಲ್ಲ! ಸದ್ದಿನ ಬೆನ್ನು ಹತ್ತಿ ಕಿಟಕಿಯ ಹತ್ತಿರ ಹೋದ. ಚೌಕಟ್ಟಿನಲ್ಲಿ ಒಂದು ಸಣ್ಣ ಬಿರುಕು. ಬೆರಳಿಟ್ಟರೆ ನಿಶ್ಶಬ್ದ, ತೆಗೆದರೆ ಸುಂಯ್.

ತಕ್ಷಣ ಫೋನ್ ಮಾಡಿದ. "ಯಾಸ್ನಾ, ಅದು ಹಾವಿನದಲ್ಲ ಕಣೇ, ಕಿಟಕಿದು! ಕೇಳು, ಫೋನ್ ಅಲ್ಲೇ ಹಿಡೀತೀನಿ."

'ಸುಂಯ್...'

"ಇಂಥ ಹೊತ್ತಲ್ಲೂ ಮಿಮಿಕ್ರಿನಾ, ನಾಚಿಕೆಗೆಟ್ಟವನೇ!" ಫೋನ್ ಕಟ್ಟಾಯಿತು.

ಬಾಗಿಲ ಸಂದಿಯಲ್ಲಿ ದೇಸಾಂಕಾ ಅಜ್ಜಿಯ ಮೂಗು ಕಾಣಿಸಿತು. ಬಿರುಕಿನ ಮುಂದೆ ನಿಂತ ವೆಲಿಬೋರನನ್ನು ನೋಡಿ ಆಕೆ ತೃಪ್ತಿಯಿಂದ ತಲೆದೂಗಿದಳು.

"ನಾನು ಬೆಳಿಗ್ಗೆನೇ ಹೇಳ್ಲಿಲ್ವೇನೋ ಮಗಾ, ಇದೆಲ್ಲಾ ಪ್ರೊಮಾಯಾನೇ ಅಂತ?"