ನಾನು ಬರೆಯದ ಸ್ವರಗಳು

ಆಯ್ಕೆ ಮಾಡುವುದೆಂದರೆ ನನಗೆ ಮೊದಲಿನಿಂದಲೂ ದಿಗಿಲು. ಹೋಟೆಲಿನಲ್ಲಿ ಮಾಣಿ ತಿಂಡಿಗಳ ಹೆಸರನ್ನೆಲ್ಲ ಹೇಳಿ ಮುಗಿಸಿದ ಮೇಲೂ ಪಕ್ಕದವರ ತಟ್ಟೆ ನೋಡಿ "ಅದೇ ಕೊಡಪ್ಪ" ಎನ್ನುವ ಜಾತಿ ನನ್ನದು. ಅಂಥವನು ನಿವೃತ್ತನಾದ ಮೇಲೆ ಸಂಗೀತ ಸಂಯೋಜನೆಗೆ ಇಳಿದೆ, ಅದೂ ಹಳೆಯ ಕಂಪ್ಯೂಟರಿನಲ್ಲಿ. ಹೊಸ ಯಂತ್ರಗಳ ದನಿ ತೀರಾ ನುಣುಪು, ಹಳೆಯದರ ಗರಗರದಲ್ಲೇ ಜೀವ ಇರುವುದು ಎಂದು ಯಾರೋ ಹೇಳಿದ್ದರು. ಆ ಮಾತನ್ನು ಅಕ್ಷರಶಃ ನಂಬಬೇಕಾಗಿ ಬರುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ.

ನಾಯಂಡಹಳ್ಳಿಯ ಗುಜರಿ ಗೋದಾಮಿನಿಂದ ಡೊಳ್ಳುಹೊಟ್ಟೆಯ ಮಾನಿಟರಿನ ಕಂಪ್ಯೂಟರೊಂದನ್ನು ಆಟೋದಲ್ಲಿ ಬಸವೇಶ್ವರನಗರದ ಮನೆಗೆ ತಂದೆ. ಹೆಂಡತಿ ಸುಧಾ ಬಾಗಿಲಲ್ಲೇ ನಿಂತು, "ಮನೇಲಿ ಒಂದು ಹಳೇ ಸಾಮಾನಿತ್ತು, ಸಾಕಾಗಿತ್ತು" ಎಂದಳು. ಯಾವುದಪ್ಪ ಎಂದು ಸುತ್ತ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.

ಇಷ್ಟಕ್ಕೆಲ್ಲ ಕಾರಣ ನನ್ನ ಬಾಯಿ. ತಂಗಿಯ ಮಗಳು ಪಲ್ಲವಿ ಮದುವೆ ಮಂಟಪಕ್ಕೆ ಬರುವಾಗ ಸಿನಿಮಾ ಹಾಡು ಬೇಡ, ನಾನೇ ಕಟ್ಟಿದ ರಾಗ ಇರಲಿ ಎಂದು ನೆಂಟರ ಮುಂದೆ ಮಾತು ಕೊಟ್ಟುಬಿಟ್ಟಿದ್ದೆ.

ಮಹಾಲಕ್ಷ್ಮಿ ಲೇಔಟಿನ ಗೆಳೆಯ ಗೋಪಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿ ಪಳಗಿದವನು. ಸ್ವರಗಳನ್ನು ಜೋಡಿಸಿಟ್ಟರೆ ತಾನೇ ನುಡಿಸುವ ಹಳೆಯ ಸಾಫ್ಟ್‌ವೇರುಗಳನ್ನು ಬಂದು ಹಾಕಿಕೊಟ್ಟ. ಒಂದರಲ್ಲಿ ಗೆರೆಗಳ ಮೇಲೆ ಚುಕ್ಕಿ ಇಡಬೇಕು, ರಂಗೋಲಿಯ ಹಾಗೆ. ಇನ್ನೊಂದರಲ್ಲಿ ಬಣ್ಣದ ಪಟ್ಟಿ ಎಳೆಯಬೇಕು. ಇವಲ್ಲದೆ ಯಂತ್ರದಲ್ಲಿ ಮೊದಲೇ ಒಂದಿತ್ತು: ಕಪ್ಪು ಪರದೆ, ಅದರ ಮೇಲೆ ಅಕ್ಷರ, ಅಂಕಿಗಳು ಸಾಲುಸಾಲಾಗಿ ಕೆಳಗಿಳಿಯುತ್ತವೆ.

"ಯಾವುದು ತಗೊಳ್ಳಲೋ?" ಎಂದೆ.

"ಯಾವುದಾದ್ರೂ ತಗೋ. ಕಪ್ಪುದು ಬೇಡ ಕಣೋ, ಅದು ಒಂಥರಾ."

ಒಂಥರಾ ಎಂದರೇನೆಂದು ಅವನು ಹೇಳಲಿಲ್ಲ. ಅವನು ಹೋದ ತಕ್ಷಣ ಕಪ್ಪುದನ್ನೇ ತೆರೆದೆ.

ಸುಧಾ ಪಾಠ ಹೇಳಲು ಶಾಲೆಗೆ ಹೋಗಿದ್ದಳು. ರಾಗದ ಆರಂಭವನ್ನು ಹೇಗೋ ಬರೆದೆ, ಮುಂದೆ ಹೋಗಲಿಲ್ಲ. ಊಟ ಮಾಡಿ ಬಂದು ನುಡಿಸಿದರೆ, ನಾನು ನಿಲ್ಲಿಸಿದ ಕಡೆ ಅದು ನಿಲ್ಲಲಿಲ್ಲ. ಕೆಳಗೆ ಹೊಸ ಸಾಲುಗಳಿದ್ದವು. ಕೊಳಲಿನಂಥ ದನಿಯೊಂದು ನನ್ನ ಕುಂಟು ರಾಗವನ್ನು ಕೈಹಿಡಿದು ಮೆಲ್ಲಗೆ ಮೆಟ್ಟಿಲಿಳಿಸುತ್ತಿತ್ತು. ಹೊರಗೆ ಹಾಡುಹಗಲು, ಸೊಪ್ಪಿನ ಗಾಡಿಯವನು ಕೂಗುತ್ತಿದ್ದ. ಆದರೂ ನನ್ನ ತೋಳಿನ ಕೂದಲು ನಿಮಿರಿದವು. ಆ ಸಾಲುಗಳನ್ನು ಅಳಿಸಿದೆ. ಮರುದಿನ ಅವು ಅಲ್ಲೇ ಇದ್ದವು, ಜೊತೆಗೆ ಇನ್ನಷ್ಟು.

ಗೋಪಿಗೆ ಫೋನ್ ಮಾಡಿದೆ. "ಹಳೇ ಮೆಮೊರಿ ಕಣೋ, ಕಸ ಉಳ್ಕೊಂಡಿರತ್ತೆ" ಎಂದ.

"ಕಸ ಇಷ್ಟು ಚೆನ್ನಾಗಿರತ್ತೇನೋ?"

"ನಿಂದಕ್ಕಿಂತ ಚೆನ್ನಾಗಿದ್ಯಾ?"

ನಾನು ಕೆಮ್ಮಿದೆ. "ಹಾಗಾದ್ರೆ ಬಿಡು, ಬರೀಲಿ" ಎಂದು ಫೋನಿಟ್ಟ.

ಬಣ್ಣದ ಪಟ್ಟಿಯದಕ್ಕೆ ಬದಲಾಯಿಸಿದೆ. ಮಾರನೆಯ ದಿನ ಅಲ್ಲಿಯೂ ನಾನು ಎಳೆಯದ ಪಟ್ಟಿಗಳು! ಚುಕ್ಕಿಯದರಲ್ಲಿ ನಾನು ಇಡದ ಚುಕ್ಕಿಗಳು. ಆಮೇಲೆ ಮನೆಯಿಂದ ಹೊರಗೆ ಹೋಗುವಾಗೆಲ್ಲ ಪ್ಲಗ್ಗನ್ನೇ ಕಿತ್ತಿಟ್ಟು ಹೋಗತೊಡಗಿದೆ.

ಒಂದು ಸಂಜೆ ವಾಕಿಂಗ್ ಮುಗಿಸಿ ಬಂದಾಗ ಕೆಳಗಿನ ಮನೆಯ ಜಯಮ್ಮನವರು ಮೆಟ್ಟಿಲು ತೊಳೆಯುತ್ತಾ ಅದೇ ರಾಗ ಗುನುಗುತ್ತಿದ್ದರು. ನಮ್ಮ ಮನೆಯದು ಕೇಳಿಸಿರಬೇಕು ಎಂದುಕೊಂಡೆ. ಆದರೆ ಅವರು ರಾಗ ಮುಗಿಯುವ ಜಾಗಕ್ಕೆ ಬಂದರು, ದಾಟಿದರು, ಮುಂದಕ್ಕೆ ಹೋದರು.

"ಜಯಮ್ಮನವರೇ, ಮುಂದಿಂದು ಎಲ್ಲಿ ಕೇಳಿದ್ರಿ?"

"ನಿಮ್ಮನೇಲೇ ಸಾರ್. ನೀವು ವಾಕಿಂಗ್ ಹೋದಾಗ ನುಡಿಸ್ತಾರಲ್ಲಾ. ಯಾರು ಸಾರ್ ಅದು, ಸಂಗೀತದ ಮೇಷ್ಟ್ರಾ?"

ಸುಧಾ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಮೇಲೆ ಹೋಗಿ ಬೀಗ ತೆಗೆದೆ. ಪ್ಲಗ್ಗು ನಾನು ಕಿತ್ತಿಟ್ಟಂತೆಯೇ ನೆಲದ ಮೇಲಿತ್ತು. ಅದನ್ನು ಸಿಕ್ಕಿಸಿ ಕಂಪ್ಯೂಟರ್ ಹಾಕಿದರೆ, ಜಯಮ್ಮ ಗುನುಗಿದ ಕೊನೆಯ ಸ್ವರದವರೆಗೂ ಎಲ್ಲವೂ ಪರದೆಯ ಮೇಲಿತ್ತು. ಆ ಕ್ಷಣವೇ ಯಂತ್ರವನ್ನು ಹೊರಗೆಸೆಯಬೇಕಿತ್ತು. ಆದರೆ ಮದುವೆ ಹತ್ತಿರವಾಗಿತ್ತು. ಹೆದರಿಕೆಗಿಂತ ಮರ್ಯಾದೆ ದೊಡ್ಡದಾಯಿತು.

ಪಲ್ಲವಿ ಮಂಟಪದತ್ತ ನಡೆದು ಬಂದಾಗ ಆ ರಾಗಕ್ಕೆ ಛತ್ರವೇ ಸದ್ದಡಗಿತು. ತಂಗಿ ಕಣ್ಣೊರೆಸಿಕೊಂಡಳು. ಅವಳ ಗಂಡ ನನ್ನ ಕೈ ಹಿಡಿದು, "ಭಾವ, ನಿಮ್ಮಲ್ಲಿ ಇಷ್ಟಿದೆ ಅಂತ ಗೊತ್ತೇ ಇರ್ಲಿಲ್ಲ" ಎಂದರು.

"ನಂಗೂ ಗೊತ್ತಿರ್ಲಿಲ್ಲ" ಎಂದೆ. ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ಮರುದಿನ ಇನ್ನೊಮ್ಮೆ ಕೇಳುವ ಆಸೆಯಾಗಿ ಕಂಪ್ಯೂಟರ್ ಹಾಕಿದೆ. ಆರಂಭವೇ ಇರಲಿಲ್ಲ. ನಾನು ಬರೆದಿದ್ದ ಅಷ್ಟೂ ಸಾಲುಗಳು ಮಾಯವಾಗಿ, ರಾಗ ನೇರವಾಗಿ ಕೊಳಲಿನ ದನಿಯಿಂದಲೇ ಶುರುವಾಗುತ್ತಿತ್ತು. ನನ್ನ ಸಾಲುಗಳನ್ನು ಮತ್ತೆ ಬರೆಯಲೆಂದು ಬೆರಳು ಮುಂದೆ ಚಾಚಿದೆ.

ಅಷ್ಟರಲ್ಲಿ ಸುಧಾ ಕಾಫಿ ತಂದಿಟ್ಟಳು. ಕತ್ತು ವಾಲಿಸಿ ಕೇಳಿ, "ಮೊದಲಲ್ಲಿ ಏನೋ ತೆಗ್ದಿದೀರಲ್ಲಾ? ಈಗ ಸರಿಹೋಯ್ತು ನೋಡಿ" ಎಂದು ಒಳಗೆ ಹೋದಳು.

ನಾನು ಬೆರಳು ಹಿಂದಕ್ಕೆಳೆದುಕೊಂಡು ಎದ್ದೆ. ಖಾಲಿ ಕುರ್ಚಿಯನ್ನು ಪರದೆಯ ಮುಂದೆ ನೆಟ್ಟಗೆ ಇಟ್ಟು, ಕಾಫಿ ಹಿಡಿದು ಬಾಲ್ಕನಿಗೆ ಹೋಗಿ ನಿಂತೆ.